ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳ್ಳಿಮನೆಯ ಕಸ ಮತ್ತು ಮೂಲೆಗೆ ಬಿದ್ದ ದೊಡ್ಡ ಸಾಮಾನು

ಗ್ರಾಮೀಣ ಪ್ರದೇಶದಲ್ಲಿ ಮನೆಯ ಕಸದ ಸಂಗ್ರಹಣೆ, ಅದರಲ್ಲೂ ಹಳೆಯ ಹಾಸಿಗೆ, ಬೀರು, ಫ್ರಿಜ್ಜಿನಂತಹ ದೊಡ್ಡ ವಸ್ತುಗಳ ವಿಲೇವಾರಿಯ ಬಗ್ಗೆ ಓದುಗರಿಂದ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಮನೆಗಳು ದೂರ ದೂರ ಚದುರಿಕೊಂಡಿರುವ ಹಳ್ಳಿ. ಕಸದ ಗಾಡಿ ವಾರಕ್ಕೊಮ್ಮೆ ಬರುತ್ತದೆ, ಅದೂ ಮುಖ್ಯರಸ್ತೆಯವರೆಗೆ ಮಾತ್ರ. ನಗರದಲ್ಲಿ ಪ್ರತಿದಿನ ಮನೆಬಾಗಿಲಿಗೇ ಬರುವಾಗ ನಮಗೇಕೆ ಈ ತಾರತಮ್ಯ?

ಉತ್ತರ: ನಿಮ್ಮ ಅಸಮಾಧಾನ ಸಹಜವೇ ಆದರೂ ದಿನನಿತ್ಯ ಗಾಡಿ ಬರಬೇಕೆಂದು ಒತ್ತಾಯಿಸುವುದು ನಿಮಗೆ ಪ್ರಯೋಜನಕಾರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ನಗರದ ಬೀದಿಯೊಂದರಲ್ಲಿ ಗಾಡಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ನೂರಾರು ಮನೆಗಳ ಕಸ ಸೇರಿಬಿಡುತ್ತದೆ. ಚದುರಿದ ಹಳ್ಳಿಯಲ್ಲಿ ಅಷ್ಟೇ ದೂರಕ್ಕೆ ಹತ್ತು ಮನೆ ಸಿಕ್ಕರೆ ಹೆಚ್ಚು. ಹಳ್ಳಿಯ ಕಸ ಸಂಗ್ರಹಣೆಯಲ್ಲಿ ಖರ್ಚಾಗುವುದು ಕಸದ ತೂಕಕ್ಕಲ್ಲ, ಗಾಡಿ ಓಡುವ ದೂರಕ್ಕೆ. ಆದ್ದರಿಂದ ಉತ್ಸಾಹದಿಂದ ಆರಂಭವಾದ ದಿನನಿತ್ಯದ ಸೇವೆ ಇಂಧನ ಮತ್ತು ದುರಸ್ತಿಯ ವೆಚ್ಚ ಭರಿಸಲಾಗದೆ ಕೆಲವೇ ತಿಂಗಳಲ್ಲಿ ನಿಂತುಹೋಗುವ ಸಂಭವ ಹೆಚ್ಚು. ತಪ್ಪದೆ ಬರುವ ವಾರದ ಗಾಡಿಯೇ ಅದಕ್ಕಿಂತ ಮೇಲು.

ಹಾಗಾದರೆ ಒಂದು ವಾರ ಕಸವನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ ಎಂದು ನೀವು ಕೇಳಬಹುದು. ಕೊಳೆತು ನಾರುವುದು ಹಸಿ ಕಸ ಮಾತ್ರ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಹಾರದ ಶೇಷ ಮತ್ತು ಸೊಪ್ಪುಸದೆಯದು. ಹಿತ್ತಿಲಿರುವ ಮನೆಯವರು ಈ ಅರ್ಧವನ್ನು ಗಾಡಿಗೆ ಹಾಕುವ ಅಗತ್ಯವೇ ಇಲ್ಲ. ಗೊಬ್ಬರದ ಗುಂಡಿಗೆ ಹಸಿ ಕಸ ಹಾಕಿದಾಗಲೆಲ್ಲ ಅದರ ಮೇಲೆ ಅದಕ್ಕಿಂತ ಹೆಚ್ಚು ಒಣ ಎಲೆಯನ್ನೋ ಮರದ ಹೊಟ್ಟನ್ನೋ ಹರಡಿದರೆ ನಾತ ಬರುವುದಿಲ್ಲ, ನೊಣವೂ ಮುತ್ತುವುದಿಲ್ಲ. ನಾತ ಬರತೊಡಗಿತೆಂದರೆ ಗುಂಡಿಯಲ್ಲಿ ನೀರು ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಎಂದು ತಿಳಿದು ಒಣ ಎಲೆ ಸೇರಿಸಿ ಒಮ್ಮೆ ತಿರುವಿಹಾಕಬೇಕು. ಮಾಂಸ, ಮೂಳೆಯಂಥವು ನಾಯಿ, ಹೆಗ್ಗಣಗಳನ್ನು ಕರೆತರುವುದರಿಂದ ಅವುಗಳನ್ನು ಆಳವಾಗಿ ಹೂಳುವುದು ಲೇಸು.

ಉಳಿಯುವ ಒಣ ಕಸ ನಿಜವಾಗಿಯೂ ಒಣಗಿರಬೇಕು. ಆಹಾರದ ಪೊಟ್ಟಣದ ತಳದಲ್ಲಿ ಚಮಚದಷ್ಟು ದ್ರವ ಉಳಿದಿದ್ದರೆ ಅದು ಚೀಲದಲ್ಲಿ ಸೋರಿ ಪಕ್ಕದ ಕಾಗದ, ರಟ್ಟುಗಳಿಗೆ ಅಂಟುತ್ತದೆ. ಆಗ ಮಾರಾಟವಾಗಬಹುದಾಗಿದ್ದ ಇಡೀ ಚೀಲ ಎಸೆಯಬೇಕಾದ ಕಸವಾಗುತ್ತದೆ. ಪಾತ್ರೆ ತೊಳೆದ ಕೊನೆಯ ನೀರಿನಲ್ಲೇ ಪೊಟ್ಟಣವನ್ನು ಅಲುಬಿ ಬೋರಲು ಹಾಕಿದರೆ ಸಾಕು, ಅದಕ್ಕಾಗಿ ಬೇರೆ ನೀರು ಬೇಕಿಲ್ಲ. ಇಷ್ಟಾದರೆ ಒಣ ಕಸ ವಾರವೇನು, ತಿಂಗಳಾದರೂ ಕಾಯುತ್ತದೆ. ಕಾಯಲಾರದ್ದು ಮಕ್ಕಳ ಡೈಪರ್, ಸ್ಯಾನಿಟರಿ ಪ್ಯಾಡ್, ಗಾಯಕ್ಕೆ ಸುತ್ತಿದ ಬಟ್ಟೆಯಂತಹ ವಸ್ತುಗಳು. ಇವನ್ನು ಗುಂಡಿಗೂ ಹಾಕುವಂತಿಲ್ಲ, ಒಣ ಕಸಕ್ಕೂ ಸೇರಿಸುವಂತಿಲ್ಲ. ಗಾಡಿ ಎಷ್ಟು ದಿನಕ್ಕೊಮ್ಮೆ ಬರಬೇಕೆಂಬುದನ್ನು ನಿರ್ಧರಿಸಬೇಕಾದ್ದು ಇವೇ, ಆದರೆ ಯೋಜನೆ ರೂಪಿಸುವ ಸಭೆಗಳಲ್ಲಿ ಸಂಕೋಚದ ಕಾರಣದಿಂದ ಇವುಗಳ ಪ್ರಸ್ತಾಪವೇ ಆಗುವುದಿಲ್ಲ. ಪುಟ್ಟ ಮಕ್ಕಳಿರುವ ಅಥವಾ ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು.

ಮುಖ್ಯರಸ್ತೆಯವರೆಗೆ ಮಾತ್ರ ಗಾಡಿ ಬರುವುದಾದರೆ ಅಲ್ಲೊಂದು ಸಂಗ್ರಹಣಾ ಸ್ಥಳ ಇರಬೇಕೆಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಮಳೆ ತಡೆಯುವ ಸೂರು, ಗಟ್ಟಿ ನೆಲ, ಪ್ರಾಣಿಗಳು ನುಗ್ಗದಂತೆ ಬೇಲಿ, ತೆರೆಯುವ ದಿನ ಮತ್ತು ವೇಳೆಯನ್ನು ಬರೆದ ಫಲಕ ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೆರೆದಿರುವಷ್ಟು ಹೊತ್ತು ಅಲ್ಲೊಬ್ಬರು ನಿಂತಿರಬೇಕು. ಕಾಯುವವರಿಲ್ಲದ ಸಂಗ್ರಹಣಾ ಸ್ಥಳ ಬಹುಬೇಗ ತಿಪ್ಪೆಯಾಗುತ್ತದೆ. ಜಪಾನಿನ ಟೊಕುಶಿಮಾ ಪ್ರಾಂತ್ಯದ ಕಮಿಕಾತ್ಸು ಎಂಬ ಗುಡ್ಡಗಾಡಿನ ಊರು ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 1,500 ಜನರಿರುವ ಆ ಊರಿನಲ್ಲಿ ಮನೆಮನೆಗೆ ಹೋಗುವ ಕಸದ ಗಾಡಿಯ ಪದ್ಧತಿ ಇಲ್ಲ. ನಿವಾಸಿಗಳು ತಾವೇ ಕಸವನ್ನು ಒಂದು ಕೇಂದ್ರಕ್ಕೆ ತಂದು ಸುಮಾರು 45 ವಿಧವಾಗಿ ವಿಂಗಡಿಸುತ್ತಾರೆ; ತರಲಾರದ ವೃದ್ಧರಿಗೆ ಪ್ರತ್ಯೇಕ ಏರ್ಪಾಡಿದೆ. ಅಲ್ಲಿನ ಕಸದ ಸುಮಾರು ಶೇಕಡ 80ರಷ್ಟು ಮರುಬಳಕೆಗೆ ಹೋಗುತ್ತದೆ. ನಲವತ್ತೈದು ವಿಧಗಳನ್ನು ಯಾರೂ ಅನುಕರಿಸಬೇಕಿಲ್ಲ, ಅಷ್ಟು ತಾಳ್ಮೆ ಎಲ್ಲರಿಂದ ನಿರೀಕ್ಷಿಸುವುದೂ ಸರಿಯಲ್ಲ. ಆದರೆ ನಿಗದಿತ ಸ್ಥಳ, ನಿಗದಿತ ವೇಳೆ, ನಿಂತು ನೋಡಿಕೊಳ್ಳುವವರು ಮತ್ತು ಅಶಕ್ತರಿಗೆ ವಿನಾಯಿತಿ ಎಂಬ ನಾಲ್ಕು ಅಂಶಗಳು ಯಾವ ಊರಿಗಾದರೂ ಅನ್ವಯಿಸುತ್ತವೆ.

ಪ್ರಶ್ನೆ: ಹಳೆಯ ಹಾಸಿಗೆ, ಮುರಿದ ಸೋಫಾ, ಗೆದ್ದಲು ಹಿಡಿದ ಬೀರು ನಮ್ಮ ಮನೆಯ ಹಿಂಭಾಗದಲ್ಲಿ ವರ್ಷಗಳಿಂದ ಬಿದ್ದಿವೆ. ಕಸದ ಗಾಡಿಯವರು ಮುಟ್ಟುವುದಿಲ್ಲ, ಗುಜರಿಯವರು ಕಬ್ಬಿಣವಿದ್ದರೆ ಮಾತ್ರ ಕೇಳುತ್ತಾರೆ. ಏನು ಮಾಡಬೇಕು?

ಉತ್ತರ: ಕಸದ ಗಾಡಿಯವರು ಮುಟ್ಟದಿರುವುದಕ್ಕೆ ಕಾರಣವಿದೆ. ಹಾಸಿಗೆಯ ತೂಕ ಕಡಿಮೆಯಾದರೂ ಅದು ಆಕ್ರಮಿಸುವ ಜಾಗ ಬಹಳ; ಒಂದೆರಡು ಹಾಸಿಗೆ ಹೇರಿದರೆ ಸಣ್ಣ ಗಾಡಿ ತುಂಬಿಹೋಗಿ ಮುಂದಿನ ಮನೆಗಳ ಕಸಕ್ಕೆ ಸ್ಥಳವೇ ಇರುವುದಿಲ್ಲ. ಅದಕ್ಕಾಗಿಯೇ ಅನೇಕ ದೇಶಗಳಲ್ಲಿ ದೊಡ್ಡ ಸಾಮಾನಿನ ಸಂಗ್ರಹಣೆಗೆ ವರ್ಷದಲ್ಲಿ ಕೆಲವು ದಿನಗಳನ್ನು ಮೊದಲೇ ಗೊತ್ತುಮಾಡಿ, ಆ ದಿನ ದೊಡ್ಡ ವಾಹನವನ್ನು ಕಳುಹಿಸುತ್ತಾರೆ. ನಿಮ್ಮ ಊರಿನ ಆಡಳಿತವನ್ನು ನೀವು ಕೇಳಬೇಕಾದ್ದೂ ಇದನ್ನೇ: ವರ್ಷಕ್ಕೆ ಎರಡು ಅಥವಾ ಮೂರು ದಿನ, ಒಂದು ತಿಂಗಳ ಮುಂಚಿನ ಸೂಚನೆ, ಮತ್ತು ಯಾರ ಮನೆಯಲ್ಲಿ ಏನಿದೆ ಎಂಬುದರ ಮುಂಗಡ ಪಟ್ಟಿ. ಪಟ್ಟಿ ಇಲ್ಲದಿದ್ದರೆ ವಾಹನ ಅರ್ಧ ಖಾಲಿ ಮರಳುತ್ತದೆ, ಇಲ್ಲವೇ ತುಂಬಿ ತುಳುಕಿ ಅರ್ಧ ಊರಿನ ಸಾಮಾನು ರಸ್ತೆಬದಿಯಲ್ಲೇ ಉಳಿಯುತ್ತದೆ. ಸಂಗ್ರಹಣೆಯ ಹಿಂದಿನ ಸಂಜೆಗಿಂತ ಮೊದಲು ಸಾಮಾನನ್ನು ಹೊರಗಿಡಬಾರದೆಂಬ ನಿಯಮವನ್ನೂ ಮಾಡಿಕೊಳ್ಳಿ. ಮಳೆಯಲ್ಲಿ ನೆನೆದ ಹಾಸಿಗೆಯನ್ನು ಇಬ್ಬರಿಂದಲೂ ಎತ್ತಲಾಗುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದ ಕೆಲಸ ಬಿಚ್ಚುವುದು. ಸ್ಪ್ರಿಂಗ್ ಇರುವ ಹಾಸಿಗೆಯ ಅಂಚಿನಲ್ಲಿ ಸುತ್ತಲೂ ಹೊಲಿದ ಪಟ್ಟಿಯೊಂದು ಇರುತ್ತದೆ. ಹರಿತವಾದ ಚಾಕುವಿನಿಂದ ಆ ಹೊಲಿಗೆಯನ್ನು ಬಿಡಿಸಿದರೆ ಮೇಲಿನ ಬಟ್ಟೆ ಹೊದಿಕೆಯಂತೆ ಎದ್ದುಬರುತ್ತದೆ. ಅದರ ಕೆಳಗೆ ಸ್ಪಂಜು ಅಥವಾ ಹತ್ತಿಯ ಪದರ, ಅದರ ಕೆಳಗೆ ಒಂದಕ್ಕೊಂದು ಹೆಣೆದ ಉಕ್ಕಿನ ಸುರುಳಿಗಳು. ಈ ಉಕ್ಕನ್ನು ಗುಜರಿಯವರು ಒಯ್ಯುತ್ತಾರೆ. ಒಣಗಿದ ಸ್ಪಂಜನ್ನು ಕತ್ತರಿಸಿ ಕಟ್ಟಿಟ್ಟರೆ ಮೊದಲಿನ ಗಾತ್ರದಲ್ಲಿ ಅಲ್ಪ ಭಾಗವಷ್ಟೇ ಉಳಿಯುತ್ತದೆ. ಬಿಚ್ಚುವಾಗ ಕೈಗವಸು ಮತ್ತು ಮೂಗಿಗೆ ಬಟ್ಟೆ ಕಡ್ಡಾಯ, ಏಕೆಂದರೆ ವರ್ಷಗಟ್ಟಲೆ ಸೇರಿದ ಧೂಳು ಒಮ್ಮೆಲೇ ಏಳುತ್ತದೆ. ತುಂಡಾದ ಸುರುಳಿಯ ತುದಿ ಕೈಗೆ ಚುಚ್ಚುವುದೂ ಉಂಟು. ಸೋಫಾಕ್ಕೂ ಇದೇ ಕ್ರಮ. ಅಡಿಭಾಗದ ತೆಳುಬಟ್ಟೆಯನ್ನು ಕಿತ್ತರೆ ಚೌಕಟ್ಟು ಕಾಣುತ್ತದೆ, ಕಾಲುಗಳನ್ನು ತಿರುಪು ತೆಗೆದು ಕಳಚಬಹುದು. ತಿಗಣೆ ಇದ್ದ ಹಾಸಿಗೆಯಾದರೆ ಬಿಚ್ಚುವ ಗೋಜಿಗೆ ಹೋಗದೆ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ಹೊರಗೆ ದೊಡ್ಡಕ್ಷರದಲ್ಲಿ ಬರೆದು ಕೊಡಿ. ಅಂಥದ್ದನ್ನು ದಾನ ಮಾಡುವುದು ಖಂಡಿತ ಸಲ್ಲದು.

ಗೆದ್ದಲು ಹಿಡಿದ ಮರವನ್ನು ಮನೆಯ ಗೋಡೆಗೆ ತಾಗಿಸಿ ಇಡಬೇಡಿ. ಬಣ್ಣ ಅಥವಾ ವಾರ್ನಿಷ್ ಬಳಿಯದ ಮರವನ್ನು ಉರುವಲಾಗಿ ಬಳಸಬಹುದು. ಆದರೆ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳಲ್ಲಿ ಅಂಟು ಇರುವುದರಿಂದ ಅವನ್ನು ಒಲೆಗೆ ಹಾಕುವಂತಿಲ್ಲ. ಬಳಸಲು ಬರುವ ಪೀಠೋಪಕರಣವನ್ನು ಬೇಕಾದವರಿಗೆ ಕೊಡುವುದು ಒಳ್ಳೆಯದೇ, ಆದರೆ ಕೊಡುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನನಗೆ ಯಾರಾದರೂ ಕೊಟ್ಟರೆ ತೆಗೆದುಕೊಳ್ಳುತ್ತಿದ್ದೆನೇ? ದಾನದ ನೆಪದಲ್ಲಿ ಬಡವರ ಮನೆಗೆ ಕಸ ಸಾಗಿಸುವ ಪದ್ಧತಿ ನಮ್ಮಲ್ಲಿ ಅಪರೂಪವೇನಲ್ಲ.

ಪ್ರಶ್ನೆ: ಕೆಟ್ಟ ಫ್ರಿಜ್ ಇದೆ. ಗುಜರಿಯವರು ಹಿಂಭಾಗದ ಕೊಳವೆಯನ್ನು ಕತ್ತರಿಸಿ ಕಂಪ್ರೆಸರ್ ಮಾತ್ರ ಒಯ್ಯುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಆ ಕೊಳವೆಯಲ್ಲಿ ತಂಪುಗೊಳಿಸುವ ಅನಿಲವಿರುತ್ತದೆ. ತೀರಾ ಹಳೆಯ ಫ್ರಿಜ್ಜುಗಳಲ್ಲಿ ಓಜೋನ್ ಪದರವನ್ನು ಹಾಳುಮಾಡುವ ಸಿಎಫ್‌ಸಿ ಅನಿಲ ಇರುತ್ತಿತ್ತು. ಅದನ್ನು ಕೈಬಿಡಲೆಂದೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅದರ ಬದಲಿಗೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಈಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ, ಅಂದರೆ ಐಸೊಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ. ಕೊಳವೆ ಕತ್ತರಿಸುವವರ ಕೈಯಲ್ಲಿ ಬೀಡಿಯೋ ಕಿಡಿ ಹಾರಿಸುವ ಯಂತ್ರವೋ ಇದ್ದರೆ ಅಪಾಯ ಅಲ್ಲೇ ಕಾದಿರುತ್ತದೆ. ಯಾವ ಅನಿಲ ಎಂಬುದು ಹಿಂಭಾಗದಲ್ಲಿ ಕಂಪ್ರೆಸರಿನ ಹತ್ತಿರ ಅಥವಾ ಒಳಗೋಡೆಯ ಚೀಟಿಯಲ್ಲಿ ನಮೂದಾಗಿರುತ್ತದೆ. ಇನ್ನೊಂದು ತೊಂದರೆಯೆಂದರೆ, ಕಂಪ್ರೆಸರ್ ಹೋದ ಮೇಲೆ ಉಳಿಯುವ ಫೋಮ್ ತುಂಬಿದ ಪೆಟ್ಟಿಗೆಯನ್ನು ಮತ್ತೆ ಯಾರೂ ಕೇಳುವುದಿಲ್ಲ, ಅದು ನಿಮ್ಮ ಅಂಗಳದಲ್ಲೇ ಉಳಿಯುತ್ತದೆ. ಇಡಿಯಾಗಿ ಒಯ್ಯುವವರಿಗೆ, ಸಾಧ್ಯವಾದರೆ ಅನಿಲವನ್ನು ಹೀರಿ ತೆಗೆಯುವ ಸಾಧನವಿರುವ ಅಧಿಕೃತ ಕೇಂದ್ರಕ್ಕೇ ಕೊಡಿ. ಹೊಸದನ್ನು ಕೊಳ್ಳುವ ಯೋಚನೆಯಿದ್ದರೆ ಹಳೆಯದನ್ನು ಮರಳಿ ಒಯ್ಯುವ ಷರತ್ತನ್ನು ಖರೀದಿಯ ವೇಳೆಯಲ್ಲೇ ಹಾಕುವುದು ಜಾಣತನ.

ಫ್ರಿಜ್ ಹೊರಗೆ ಇಡುವ ಮುನ್ನ ಮಾಡಲೇಬೇಕಾದ ಕೆಲಸವೊಂದಿದೆ: ಬಾಗಿಲನ್ನು ಕಳಚಿ ತೆಗೆಯುವುದು. ಎಸೆದ ಫ್ರಿಜ್ಜಿನೊಳಗೆ ಆಟವಾಡುತ್ತ ಸೇರಿಕೊಂಡ ಮಕ್ಕಳು ಉಸಿರುಗಟ್ಟಿ ಸತ್ತ ಘಟನೆಗಳ ಕಾರಣದಿಂದಲೇ ಅಮೆರಿಕದಲ್ಲಿ 1956ರಲ್ಲಿ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಕಾನೂನು ಮಾಡಬೇಕಾಯಿತು. ಈಗಿನ ಬಾಗಿಲುಗಳು ಚಿಲಕದ ಬದಲು ಅಯಸ್ಕಾಂತದಿಂದ ಹಿಡಿದಿರುತ್ತವೆ ನಿಜ, ಆದರೆ ಬಾಗಿಲು ಕೆಳಮುಖವಾಗಿ ಬಿದ್ದ ಫ್ರಿಜ್ ಅಥವಾ ಬೀಗವಿರುವ ಪೆಟ್ಟಿಗೆ ಫ್ರೀಜರ್ ಇಂದಿಗೂ ಅಷ್ಟೇ ಅಪಾಯಕಾರಿ. ನಾಲ್ಕಾರು ತಿರುಪು ಬಿಚ್ಚುವ ಕೆಲಸವಷ್ಟೇ, ಅದನ್ನು ನಾಳೆಗೆ ಇಡಬೇಡಿ.

ಪ್ರಶ್ನೆ: ನಮ್ಮ ಹಿರಿಯರು ಕಸವನ್ನು ಹಿತ್ತಿಲಲ್ಲೇ ಸುಡುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಈಗೇಕೆ ಬೇಡವೆನ್ನುತ್ತಾರೆ?

ಉತ್ತರ: ಹಿರಿಯರು ಸುಡುತ್ತಿದ್ದುದು ಎಲೆ, ಕಡ್ಡಿ, ಹರಿದ ಹತ್ತಿಬಟ್ಟೆ. ನೀವು ಸುಡುತ್ತಿರುವುದರಲ್ಲಿ ವೈರಿನ ಹೊದಿಕೆ, ಪಿವಿಸಿ ಕೊಳವೆಯ ತುಂಡು, ಬಣ್ಣದ ಪೊಟ್ಟಣ, ರೆಕ್ಸಿನ್ ಎಲ್ಲವೂ ಇವೆ. ಕ್ಲೋರಿನ್ ಇರುವ ಇಂತಹ ವಸ್ತುಗಳು ಕಡಿಮೆ ಶಾಖದಲ್ಲಿ ಹೊಗೆಯಾಡುತ್ತ ಅರೆಬರೆ ಉರಿದಾಗ ಡೈಆಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಯುರೋಪಿನ ನಿಯಮದಂತೆ ಕಸ ಸುಡುವ ಸ್ಥಾವರಗಳಲ್ಲಿ ಹೊಗೆ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎರಡು ಸೆಕೆಂಡಾದರೂ ಇರಬೇಕು, ಬಳಿಕ ಅದನ್ನು ಸೋಸಬೇಕು. ಹಿತ್ತಿಲ ಬೆಂಕಿಯಲ್ಲಿ ಈ ಎರಡೂ ಇಲ್ಲ. ಹೊಗೆಯೊಂದಿಗೆ ಹೋದ ವಿಷ ಹುಲ್ಲಿನ ಮೇಲೆ ಇಳಿಯುತ್ತದೆ, ಅದನ್ನು ಮೇಯ್ದ ದನದ ಕೊಬ್ಬಿನಲ್ಲಿ, ಹಾಲಿನಲ್ಲಿ ಸೇರುತ್ತದೆ. ಮನುಷ್ಯರ ದೇಹಕ್ಕೆ ಬರುವ ಡೈಆಕ್ಸಿನಿನಲ್ಲಿ ಶೇಕಡ 90ಕ್ಕೂ ಹೆಚ್ಚು ಆಹಾರದ ಮೂಲಕವೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಗೆ ನಮ್ಮತ್ತ ಬರಲಿಲ್ಲ, ಗಾಳಿ ಆ ಕಡೆ ಇತ್ತು ಎಂಬ ಸಮಾಧಾನಕ್ಕೆ ಆದ್ದರಿಂದ ಅರ್ಥವಿಲ್ಲ. ಇಂತಹ ಬೂದಿಯಲ್ಲಿ ಸೀಸ ಮೊದಲಾದ ಲೋಹಗಳು ಉಳಿದಿರುವುದರಿಂದ ಅದನ್ನು ತರಕಾರಿ ಪಾತಿಗೆ ಹಾಕುವುದೂ ತಪ್ಪು.

ಮೊದಲ ಉತ್ತರದಲ್ಲಿ ಹೇಳಿದ ಕಮಿಕಾತ್ಸು ಊರಿನವರೂ ಹಿಂದೆ ಕಸವನ್ನು ಬಯಲಲ್ಲಿ ಸುಡುತ್ತಿದ್ದವರೇ. ಡೈಆಕ್ಸಿನ್ ಕುರಿತ ಕಾನೂನು ಬಿಗಿಯಾಗಿ, ಅವರ ಸಣ್ಣ ದಹನ ಒಲೆಗಳು ಮುಚ್ಚಬೇಕಾಗಿ ಬಂದ ಮೇಲೆಯೇ ವಿಂಗಡಣೆ ಅಲ್ಲಿ ಬೇರೂರಿತು, 2003ರಲ್ಲಿ ಊರು ಶೂನ್ಯ ಕಸದ ಗುರಿಯನ್ನು ಘೋಷಿಸಿತು. ಸುಡುವುದಕ್ಕೆ ಬದಲಾಗಿ ಹೂಳುತ್ತೇವೆ ಎಂದು ಕೆಲವರು ಬರೆದಿದ್ದಾರೆ. ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ, ಮಳೆ ಕೊಚ್ಚಿದರೆ ಮತ್ತೆ ಮೇಲೆ ಬರುತ್ತದೆ, ಬಾವಿಯ ಹತ್ತಿರವಾದರೆ ನೀರಿಗೂ ಕೇಡು.

ಪ್ರಶ್ನೆ: ಹಳೆಯ ಟಯರುಗಳನ್ನು ಮನೆಯ ಹಿಂದೆ ಜೋಡಿಸಿಟ್ಟಿದ್ದೇವೆ. ಯಾರಿಗೂ ತೊಂದರೆಯಿಲ್ಲವಲ್ಲ?

ಉತ್ತರ: ತೊಂದರೆ ಇದೆ. ಟಯರಿನ ಒಳಮಡಿಕೆಯಲ್ಲಿ ನಿಂತ ಮಳೆನೀರನ್ನು ಹೇಗೆ ತಿರುಗಿಸಿದರೂ ಪೂರ್ತಿ ಚೆಲ್ಲಲಾಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆ ಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಆ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಮರಿಯಾಗುತ್ತವೆ. ಏಷ್ಯಾದ ಒಂದು ಜಾತಿಯ ಈಡಿಸ್ ಸೊಳ್ಳೆ 1980ರ ದಶಕದಲ್ಲಿ ಸಮುದ್ರ ದಾಟಿ ಅಮೆರಿಕ ಸೇರಿದ್ದು ಹಡಗಿನಲ್ಲಿ ಸಾಗಿಸಿದ ಹಳೆಯ ಟಯರುಗಳೊಳಗೇ. ಬೆಂಕಿಯ ಭಯವೂ ಉಂಟು: ಕೆನಡಾದ ಹೇಗರ್ಸ್‌ವಿಲ್ ಎಂಬಲ್ಲಿ 1990ರಲ್ಲಿ ಟಯರ್ ರಾಶಿಗೆ ಹತ್ತಿದ ಬೆಂಕಿಯನ್ನು ಆರಿಸಲು 17 ದಿನ ಬೇಕಾಯಿತು. ಹೊಸ ಟಯರ್ ಹಾಕಿಸುವಾಗ ಹಳೆಯದನ್ನು ಅಲ್ಲೇ ಬಿಟ್ಟುಬನ್ನಿ. ಈಗಾಗಲೇ ಮನೆಯಲ್ಲಿರುವುದನ್ನು ಸೂರಿನಡಿಗೆ ಸರಿಸಿ, ಗಿಡಕ್ಕೋ ಮಕ್ಕಳ ಉಯ್ಯಾಲೆಗೋ ಬಳಸುವುದಾದರೆ ಕೆಳಭಾಗದಲ್ಲಿ ತೂತು ಕೊರೆಯಿರಿ.

ಪ್ರಶ್ನೆ: ವಾಹನದ ಹಳೆಯ ಬ್ಯಾಟರಿ, ಟ್ಯೂಬ್‌ಲೈಟು, ಮೊಬೈಲ್ ಬ್ಯಾಟರಿ, ಕೀಟನಾಶಕದ ಖಾಲಿ ಡಬ್ಬ, ಇವೆಲ್ಲವನ್ನೂ ಒಂದೇ ಚೀಲದಲ್ಲಿ ಕೊಡಬಹುದೇ?

ಉತ್ತರ: ಕೊಡಬಾರದು. ವಾಹನದ ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇರುತ್ತವೆ. ಸೀಸಕ್ಕೆ ಬೆಲೆಯಿರುವುದರಿಂದ ಒಯ್ಯುವವರು ಸಿಗುತ್ತಾರೆ, ಆದರೆ ಊರೊಳಗೆ ಒಡೆದು ಕರಗಿಸುವವರ ಕೈಗೆ ಅದು ಸೇರಕೂಡದು. ಸೆನೆಗಲ್ ದೇಶದ ಥಿಯಾರೊಯ್ ಎಂಬಲ್ಲಿ ಬ್ಯಾಟರಿ ಒಡೆದ ಮಣ್ಣಿನಿಂದ ಸೀಸ ಹೆಕ್ಕುತ್ತಿದ್ದ ಜನವಸತಿಯಲ್ಲಿ 2007ರ ಕೊನೆ ಮತ್ತು 2008ರ ಆರಂಭದ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು. ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಮಾರಿದ ಅಂಗಡಿಗೇ ಮರಳಿಸಿ. ಮೊಬೈಲಿನ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ತಾನಾಗಿ ಹೊತ್ತಿಕೊಳ್ಳಬಹುದು. ಅದರ ತುದಿಗಳಿಗೆ ಟೇಪ್ ಅಂಟಿಸಿ ಬೇರೆ ಡಬ್ಬಿಯಲ್ಲಿಡಿ.

ಟ್ಯೂಬ್‌ಲೈಟಿನಲ್ಲಿ ಅಲ್ಪಪ್ರಮಾಣದ ಪಾದರಸವಿದೆ. ಒಡೆದರೆ ಕಿಟಕಿ ತೆರೆದು ಸ್ವಲ್ಪ ಹೊತ್ತು ಹೊರಗಿರಿ. ಪೊರಕೆಯಿಂದ ಗುಡಿಸದೆ ಗಟ್ಟಿ ಕಾಗದದಿಂದ ಚೂರುಗಳನ್ನು ಬಾಚಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ. ಕೀಟನಾಶಕದ ಡಬ್ಬವನ್ನು ಖಾಲಿಯಾದ ಕೂಡಲೇ ಮೂರು ಬಾರಿ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿಯಬೇಕು, ಆಮೇಲೆ ಯಾರೂ ನೀರು ತುಂಬಿಡದಂತೆ ತೂತು ಮಾಡಬೇಕು. ಎಷ್ಟು ತೊಳೆದರೂ ಅದು ಅಡುಗೆಮನೆಗೆ ಬರುವ ಡಬ್ಬವಲ್ಲ.

ಪ್ರಶ್ನೆ: ದೊಡ್ಡ ಸಾಮಾನು ಒಯ್ಯಲು ಪ್ರತ್ಯೇಕ ಶುಲ್ಕ ಕೇಳುತ್ತಾರೆ. ತೆರಿಗೆ ಕಟ್ಟಿದ ಮೇಲೂ ಇದು ನ್ಯಾಯವೇ?

ಉತ್ತರ: ನ್ಯಾಯವೋ ಅಲ್ಲವೋ ಎಂಬುದಕ್ಕಿಂತ ಇದರಿಂದ ಏನಾಗುತ್ತದೆ ಎಂದು ನೋಡುವುದು ಉಚಿತ. ಎಸೆಯುವ ಗಳಿಗೆಯಲ್ಲಿ ಹಣ ಕೇಳಿದರೆ, ಕತ್ತಲಾದ ಮೇಲೆ ಹಳ್ಳಕ್ಕೆ ಉರುಳಿಸುವ ಆಸೆ ಕೆಲವರಿಗಾದರೂ ಹುಟ್ಟುತ್ತದೆ. ಕಾವಲಿಲ್ಲದ ಹಳ್ಳಿಯ ರಸ್ತೆಗಳಲ್ಲಿ ಅದನ್ನು ತಡೆಯುವುದು ಕಷ್ಟ. ಜಪಾನಿನಲ್ಲಿ 2001ರಿಂದ ಟಿವಿ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ ಮತ್ತು ಏಸಿಗಳಿಗೆ ಎಸೆಯುವಾಗಲೇ ಶುಲ್ಕ ಕಟ್ಟುವ ಪದ್ಧತಿಯಿದೆ. ಸ್ವಿಟ್ಜರ್ಲೆಂಡಿನಲ್ಲಿ ಆ ಮೊತ್ತವನ್ನು ಕೊಳ್ಳುವಾಗಲೇ ಬೆಲೆಯಲ್ಲಿ ಸೇರಿಸಿರುತ್ತಾರೆ, ಮರಳಿಸುವಾಗ ಏನೂ ಕೊಡಬೇಕಿಲ್ಲ. ಹಳ್ಳಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆಂಬುದು ನಮ್ಮ ಎಣಿಕೆ. ಅದು ಆಗುವವರೆಗೆ, ವರ್ಷದ ಶುಲ್ಕದಲ್ಲೇ ಒಂದೆರಡು ದೊಡ್ಡ ಸಾಮಾನಿನ ಸಾಗಣೆಯನ್ನು ಸೇರಿಸಿ, ಅದಕ್ಕಿಂತ ಹೆಚ್ಚಿಗೆ ಮಾತ್ರ ಪ್ರತ್ಯೇಕ ಹಣ ಪಡೆಯುವ ಕ್ರಮವನ್ನು ನಿಮ್ಮ ಸಭೆಯಲ್ಲಿ ಪ್ರಸ್ತಾಪಿಸಬಹುದು.

ಪ್ರಶ್ನೆ: ಊರಿನ ಅಂಚಿನಲ್ಲಿ ಹೊರಗಿನವರು ರಾತ್ರಿ ಕಸ ಸುರಿದುಹೋಗುತ್ತಾರೆ. ನಾವೇ ಎತ್ತಬೇಕೇ?

ಉತ್ತರ: ಮೊದಲು ಚಿತ್ರ ತೆಗೆದು, ದಿನಾಂಕ ಮತ್ತು ಸ್ಥಳವನ್ನು ಬರೆದು ಆಡಳಿತಕ್ಕೆ ಲಿಖಿತವಾಗಿ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಆದರೆ ತನಿಖೆ ಮುಗಿಯಲೆಂದು ರಾಶಿಯನ್ನು ಹಾಗೇ ಬಿಡಬೇಡಿ, ಏಕೆಂದರೆ ಇರುವ ರಾಶಿಯ ಮೇಲೆ ಇನ್ನೊಂದು ಚೀಲ ಎಸೆಯಲು ಯಾರಿಗೂ ಅಳುಕಾಗುವುದಿಲ್ಲ. ಗಾಡಿ ನಿಲ್ಲಿಸಲು ಅನುಕೂಲವಾದ ತಿರುವಿದ್ದರೆ ಅಲ್ಲಿ ಕಲ್ಲು ನೆಡುವುದು, ದೀಪ ಹಾಕಿಸುವುದು ಎಚ್ಚರಿಕೆಯ ಫಲಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕಟ್ಟಿದ ಚೀಲಗಳನ್ನು ಬರಿಗೈಯಲ್ಲಿ ಬಿಚ್ಚಬೇಡಿ. ಸೂಜಿ, ಔಷಧದ ಸೀಸೆ, ಹೆಸರಿಲ್ಲದ ಡ್ರಮ್ಮು ಕಂಡರೆ ಮಕ್ಕಳು ಮತ್ತು ದನಗಳು ಹತ್ತಿರ ಸುಳಿಯದಂತೆ ಹಗ್ಗ ಕಟ್ಟಿ, ಮಾಲಿನ್ಯ ನಿಯಂತ್ರಣದ ಅಧಿಕಾರಿಗಳಿಗೆ ತಿಳಿಸಿ, ಅವರು ಬರುವವರೆಗೆ ಮುಟ್ಟದೆ ಬಿಡಿ.